ಟ್ರೋಕನ್ ರೀಸ್ಲಿಂಗ್ ಜೊತೆ ನಮ್ಮ ಅಡುಗೆ: ಅನುಭವವಿದ್ದವರು ತಿಳಿಸಿ

ಪ್ರಶ್ನೆ (ಮೈಂಜ್): ಮುಂದಿನ ಶನಿವಾರ ಕಚೇರಿಯ ಆರು ಮಂದಿ ಜರ್ಮನ್ ಸಹೋದ್ಯೋಗಿಗಳು ನಮ್ಮ ಮನೆಗೆ ಊಟಕ್ಕೆ ಬರುತ್ತಿದ್ದಾರೆ. ಕೋಸಂಬರಿ, ನೀರುದೋಸೆ, ಕೋಳಿಸಾರು ಮಾಡುವುದೆಂದು ನಿಶ್ಚಯಿಸಿದ್ದೇವೆ. ಅವರಿಗೆ ಸಿಹಿ ವೈನ್ ಹಿಡಿಸದ ಕಾರಣ ಟ್ರೋಕನ್ (ಸಿಹಿ ಅನಿಸದ) ರೀಸ್ಲಿಂಗ್ ಬಿಳಿ ವೈನ್ ತರುವ ಆಲೋಚನೆಯಿದೆ. ಬಾಟಲಿಗೆ 12 ಯೂರೋ ಮೀರಬಾರದು. ದಯವಿಟ್ಟು ಸಲಹೆ ನೀಡಿ.

ಫ್ರಾಂಕ್‌ಫರ್ಟ್ (ಮೂಲ ಮಂಗಳೂರು): ನಾನು ಮಾಡಿದ ತಪ್ಪನ್ನು ಹೇಳುತ್ತೇನೆ. ಅತಿಥಿಗಳ ಮುಂದೆ ಮರ್ಯಾದೆ ಉಳಿಯಲೆಂದು, ಬಾಟಲಿಗೆ 38 ಯೂರೋದಂತೆ ಎರಡು ಗ್ರೋಸಸ್ ಗೆವೆಕ್ಸ್ (ಉನ್ನತ ದರ್ಜೆಯ ಟ್ರೋಕನ್) ತಂದು, 76 ಯೂರೋ ತೆತ್ತು, ಬಂಗುಡೆ ಗಸಿಯೊಂದಿಗೆ ಬಡಿಸಿದೆ. ಅದರಲ್ಲಿ ಮದ್ಯಸಾರ 13%. ಮದ್ಯಸಾರ ಹೆಚ್ಚಿದಷ್ಟೂ ಮೆಣಸಿನ ಉರಿ ನಾಲಿಗೆಗೆ ಹೆಚ್ಚುತ್ತದೆಯೆಂಬುದು ನನಗೆ ಅಂದು ಅತಿಥಿಗಳ ಕೆಂಪೇರಿದ ಮುಖ ನೋಡಿದ ಮೇಲೆಯೇ ತಿಳಿದದ್ದು. ಹುಣಿಸೆಯ ಮುಂದೆ ವೈನಿನ ಹುಳಿಯೂ ಸಪ್ಪೆಯಾಯಿತು. ಎಲ್ಲರೂ ನೀರು ಕೇಳಿದರು. ಮರುದಿನ ಉಳಿದ ಒಂದೂವರೆ ಬಾಟಲಿಯನ್ನು ಕಾಣೆ ರವಾ ಫ್ರೈಗೆ ನಿಂಬೆ ಹಿಂಡಿಕೊಂಡು ನಾನೂ ನನ್ನಾಕೆಯೂ ಮುಗಿಸಿದೆವು. ಅಷ್ಟು ಒಳ್ಳೆಯ ಜೋಡಿಯನ್ನು ನಾನು ಇನ್ನೂ ಕಂಡಿಲ್ಲ.

ವ್ಯೂರ್ಝ್‌ಬುರ್ಗ್: ರೀಸ್ಲಿಂಗ್ ಬಿಟ್ಟರೆ ಬೇರೆ ಬಿಳಿ ವೈನೇ ಇಲ್ಲವೆಂಬಂತೆ ಬರೆಯುವುದನ್ನು ದಯವಿಟ್ಟು ನಿಲ್ಲಿಸಿ. ನಮ್ಮ ಫ್ರಾಂಕನ್ ಸೀಮೆಯ ಕಾಸ್ಟೆಲ್‌ನಲ್ಲಿ 1659ರಲ್ಲೇ ಸಿಲ್ವಾನರ್ ಎಂಬ ಬಿಳಿ ದ್ರಾಕ್ಷಿಯ ಬಳ್ಳಿ ನೆಟ್ಟಿದ್ದರು. ಬಿಳಿ ಶ್ಪಾರ್ಗೆಲ್, ಅಂದರೆ ಆಸ್ಪ್ಯಾರಗಸ್ ತರಕಾರಿಯ ಕಾಲ, ಜೂನ್ 24ಕ್ಕೆ ಮುಗಿಯುವವರೆಗೆ ಇಲ್ಲಿಯವರು ಅದರೊಂದಿಗೆ ಕುಡಿಯುವುದು ಇದನ್ನೇ. ನಮ್ಮ ಮನೆಯಲ್ಲಿ ಹೆಸರುಬೇಳೆ ಕೋಸಂಬರಿಗೂ, ತೆಂಗಿನತುರಿ ಹಾಕಿದ ಬೀನ್ಸ್ ಪಲ್ಯಕ್ಕೂ ಇದೇ. ಬೆಲೆ 9 ಯೂರೋ 50 ಸೆಂಟ್. ತೊಂದರೆಯೆಂದರೆ ಆ ಚಪ್ಪಟೆ ಬಾಕ್ಸ್‌ಬಾಯ್ಟಲ್ ಬಾಟಲಿ ನನ್ನ ಫ್ರಿಜ್ಜಿನ ಬಾಗಿಲಲ್ಲಿ ನಿಲ್ಲದು. 45 ಯೂರೋ ಕೊಟ್ಟು ತಂದ ವೈನ್ ಸ್ಟ್ಯಾಂಡಿನಲ್ಲೂ ಹಿಡಿಸದು. ಆ ಸ್ಟ್ಯಾಂಡ್ ಈಗ ನೆಲಮಾಳಿಗೆಯಲ್ಲಿದೆ.

ಫ್ರಾಂಕ್‌ಫರ್ಟ್: ಕೇಳಿದ್ದು ರೀಸ್ಲಿಂಗ್. ಸಿಲ್ವಾನರ್ ಬಗ್ಗೆ ಕೇಳಿದವರಾರು?

ಕೋಬ್ಲೆನ್ಜ್: ಖಾರದ ಅಡುಗೆಗೆ ಮೋಸೆಲ್ ನದಿ ಕಣಿವೆಯ ಫೈನ್‌ಹೆರ್ಬ್ ವೈನ್ ತನ್ನಿ, ಮದ್ಯಸಾರ ಕಡಿಮೆ, ತುಸು ಸಿಹಿ ಉಳಿದಿರುತ್ತದೆ. ಟ್ರೋಕನ್‌ನಲ್ಲಿ ಸಕ್ಕರೆಯೇ ಇರುವುದಿಲ್ಲವಾದ್ದರಿಂದ ನಮ್ಮ ಊಟಕ್ಕೆ ಅದು ಒಗ್ಗದು.

ಫ್ರಾಂಕ್‌ಫರ್ಟ್: ತಿಳಿಯದೆ ಬರೆಯಬೇಡಿ. ಲೀಟರಿಗೆ 4 ಗ್ರಾಂವರೆಗೆ ಸಕ್ಕರೆಯಿದ್ದರೂ ಅದು ಟ್ರೋಕನ್. ಹುಳಿಯ ಪ್ರಮಾಣಕ್ಕಿಂತ ಸಕ್ಕರೆ 2 ಗ್ರಾಂಗಿಂತ ಹೆಚ್ಚಿರದಿದ್ದರೆ 9 ಗ್ರಾಂವರೆಗೂ ಅವಕಾಶವಿದೆ. ಕಾನೂನಿನಲ್ಲಿ ಅಳತೆಯೇ ಇಲ್ಲದಿರುವುದು ನಿಮ್ಮ ಫೈನ್‌ಹೆರ್ಬ್‌ಗೆ. ಒಬ್ಬರು ಅರೆ ಸಿಹಿ ಮಾಡುತ್ತಾರೆ, ಇನ್ನೊಬ್ಬರು ಪಾನಕವನ್ನೇ ಮಾಡುತ್ತಾರೆ.

ಕೋಬ್ಲೆನ್ಜ್: 76 ಯೂರೋವನ್ನು ಗಸಿಗೆ ಸುರಿದವರಿಂದ ಪಾಠ ಕಲಿಯುವ ಗತಿ ನನಗಿನ್ನೂ ಬಂದಿಲ್ಲ.

ಸ್ಟುಟ್‌ಗಾರ್ಟ್: ನಿಮ್ಮ ಜಗಳದಲ್ಲಿ ಮುಖ್ಯವಾದುದು ಮರೆತಿದೆ. ನಾವು ಸಸ್ಯಾಹಾರಿಗಳು. ಚಿತ್ರಾನ್ನದೊಂದಿಗೆ ಕುಡಿಯಲೆಂದು 11 ಯೂರೋದಂತೆ ನಾಲ್ಕು ಬಾಟಲಿ ತಂದ ಮೇಲೆ, ವೈನನ್ನು ತಿಳಿಗೊಳಿಸಲು ಕೆಲವರು ಪ್ರಾಣಿಮೂಲದ ಜೆಲಟಿನ್ ಅಥವಾ ಮೀನಿನ ಗಾಳಿಚೀಲದಿಂದ ತೆಗೆದ ಅಂಟು ಬಳಸುತ್ತಾರೆಂದು ತಿಳಿಯಿತು. ತಯಾರಕರಿಗೆ ಪತ್ರ ಬರೆದೆ. ಜೆಲಟಿನ್ ಬಳಸಿದ್ದೇವೆಂದು ಒಪ್ಪಿಕೊಂಡರು. ಅಂಗಡಿಯವರು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. 44 ಯೂರೋ ಹೋಯಿತು. ಈಗ ಬೆಂಟೊನೈಟ್ ಮಣ್ಣಿನಿಂದ ತಿಳಿಗೊಳಿಸಿ, ವೀಗನ್ ಎಂದು ಮುದ್ರಿಸಿದ ಬಾಟಲಿಗಳನ್ನು ಮಾತ್ರ ಕೊಳ್ಳುತ್ತೇವೆ.

ಫ್ರಾಂಕ್‌ಫರ್ಟ್: ಕೋಳಿಸಾರು ಮಾಡುತ್ತಿರುವವರಿಗೆ ಇದರಿಂದೇನು ಪ್ರಯೋಜನ, ತಾಯಿ?

ಸ್ಟುಟ್‌ಗಾರ್ಟ್: ಬರುವ ಆರು ಮಂದಿಯಲ್ಲಿ ಎಷ್ಟು ಜನ ಮಾಂಸ ತಿನ್ನುತ್ತಾರೆಂದು ನಿಮಗೆ ಗೊತ್ತೇ?

ಮೈಂಜ್: ನಾನೂ ಕೇಳಿರಲಿಲ್ಲ. ಈಗ ವಿಚಾರಿಸಿದಾಗ ಇಬ್ಬರು ವೀಗನ್ ಎಂದು ತಿಳಿಯಿತು; ಉಳಿದವರಲ್ಲಿ ಒಬ್ಬರು ಮದ್ಯವನ್ನೇ ಮುಟ್ಟುವುದಿಲ್ಲ. ಕೋಳಿಸಾರಿನ ಖಾರ ಎಷ್ಟಿರಬೇಕೆಂದು ಮಾತ್ರ ಇನ್ನೂ ಯಾರೂ ಹೇಳಿಲ್ಲ.

ವ್ಯೂರ್ಝ್‌ಬುರ್ಗ್: ಸಿಲ್ವಾನರ್ ತಂದರೆ ಬಾಟಲಿಯನ್ನು ಫ್ರಿಜ್ಜಿನಲ್ಲಿ ಮಲಗಿಸಿಡಿ, ಚಪ್ಪಟೆಯಾದ್ದರಿಂದ ಉರುಳುವುದಿಲ್ಲ.