ಕುದಿಸಿದ ಫಿಲ್ಟ್ರೇಟ್ ಹಾಕಿದರೂ ಟೊಮೆಟೊ ಎಲೆ ಸುಡುತ್ತಿದೆ, ಕಂಟ್ರೋಲ್ ಎಲ್ಲಿ ಕೈಕೊಟ್ಟಿದೆ?

ಎಲೆಚುಕ್ಕೆ: ಬೂದು ಬೂಷ್ಟಿನ (ಬೋಟ್ರೈಟಿಸ್ ಸಿನೆರಿಯಾ) ಕಲ್ಚರ್ ಫಿಲ್ಟ್ರೇಟನ್ನು (ಬೂಷ್ಟು ಬೆಳೆದ ದ್ರವವನ್ನು ಸೋಸಿದ್ದು) ಸೂಜಿ ತೆಗೆದ ಸಿರಿಂಜಿನಿಂದ ಎಲೆಯ ಅಡಿಭಾಗಕ್ಕೆ ಒತ್ತುತ್ತಿದ್ದೇನೆ. ಎಲೆ ಕೊಲ್ಲುವುದು ಕೋಶಭಿತ್ತಿಯ ಪೆಕ್ಟಿನ್ ಕಡಿಯುವ ಎಂಜೈಮ್ ಪಾಲಿಗ್ಯಾಲಕ್ಟುರೊನೇಸ್ (ಪಿಜಿ) ಅಂತ ತೋರಿಸಬೇಕು. 48 ಗಂಟೆಗೆ ಕಂದು ಕಲೆ ಬರುತ್ತೆ, ಸರಿ. ಆದರೆ ಎಂಜೈಮ್ ಸಾಯಲಿ ಅಂತ 10 ನಿಮಿಷ ಕುದಿಸಿದ ಕಂಟ್ರೋಲಿಗೂ ಅಷ್ಟೇ ಕಲೆ! ಮೂರು ಸಲವೂ ಹೀಗೇ. ಡಿಎನ್‌ಎಸ್ ಪರೀಕ್ಷೆಯಲ್ಲೂ (ಪಿಜಿ ಕೆಲಸ ಅಳೆಯಲು ಮಾಡುವ ಬಣ್ಣದ ಪರೀಕ್ಷೆ) ಎರಡೂ ಟ್ಯೂಬು ಕಡುಗೆಂಪು, ಓಡಿ (ಬಣ್ಣದ ಗಾಢತೆಯ ಅಳತೆ) 2 ದಾಟುತ್ತೆ. ಸಾಕಾಗಿಹೋಗಿದೆ.

ಬಿಸಿನೀರು: ಕುದ್ದಿಲ್ಲ, ಅಷ್ಟೇ. 50 ಎಂಎಲ್ ಟ್ಯೂಬನ್ನು ವಾಟರ್ ಬಾತ್‌ನಲ್ಲಿಟ್ಟರೆ ಒಳಗೆ 95 ಡಿಗ್ರಿ ಆಗಲಿಕ್ಕೇ ಬಹಳ ಹೊತ್ತು ಬೇಕು. 1 ಎಂಎಲ್ ಹಂಚಿ 20 ನಿಮಿಷ ಕುದಿಸಿ.

ಎಲೆಚುಕ್ಕೆ: ಕುದಿಸಿದ್ದು 1 ಎಂಎಲ್ ಟ್ಯೂಬಲ್ಲೇ.

ಬಿಸಿನೀರು: ಹಾಗಾದರೆ ಆಟೋಕ್ಲೇವ್ (ಒತ್ತಡದ ಹಬೆಯಲ್ಲಿ ಬೇಯಿಸೋದು) ಮಾಡಿ. ಡಿಎನ್‌ಎಸ್ ಬಣ್ಣ ಬಂತು ಅಂದರೆ ಎಂಜೈಮ್ ಬದುಕಿದೆ ಅಂತಲೇ ಅರ್ಥ.

ಪೆಕ್ಟಿನ್_ಗಂಜಿ: ಅಲ್ಲ ಸ್ವಾಮಿ. ಡಿಎನ್‌ಎಸ್ ಅಳೆಯೋದು ರಿಡ್ಯೂಸಿಂಗ್ ಸಕ್ಕರೆಯನ್ನು (ಗ್ಲೂಕೋಸಿನಂಥದ್ದು), ಎಂಜೈಮನ್ನಲ್ಲ. ಎಲೆಚುಕ್ಕೆಯವರೇ, ಮೀಡಿಯಾ ಯಾವುದು? ಎಷ್ಟು ದಿನದ್ದು? ಪಿಎಚ್ ನೋಡಿದ್ರಾ? ಇದ್ಯಾವುದನ್ನೂ ಬರೆದೇ ಇಲ್ಲ.

ಎಲೆಚುಕ್ಕೆ: ಮಾಮೂಲಿ ಪಿಡಿಬಿ (ಆಲೂಗಡ್ಡೆ-ಡೆಕ್ಸ್‌ಟ್ರೋಸ್ ದ್ರವ), 7 ದಿನ. ಪಿಎಚ್ ನೋಡಿಲ್ಲ.

ಪೆಕ್ಟಿನ್_ಗಂಜಿ: ಅಲ್ಲೇ ಇದೆ ನೋಡಿ. ಪಿಡಿಬಿಯಲ್ಲಿ ಲೀಟರಿಗೆ 20 ಗ್ರಾಂ ಡೆಕ್ಸ್‌ಟ್ರೋಸ್, ಅಂದರೆ ಗ್ಲೂಕೋಸ್. ತಿಂದುಳಿದ ಅಷ್ಟಿಷ್ಟೇ ಸಾಕು ಟ್ಯೂಬು ಕೆಂಪಾಗಲಿಕ್ಕೆ. ಜೊತೆಗೆ ಗ್ಲೂಕೋಸ್ ಇದ್ದಾಗ ಕೆಲವು ಪಿಜಿ ಜೀನುಗಳು ಬಾಯಿ ಮುಚ್ಚಿಕೊಂಡಿರುತ್ತವೆ. 1% ಪೆಕ್ಟಿನ್ ಒಂದೇ ಇಂಗಾಲದ ಮೂಲವಾಗಿರುವ ಲವಣದ ಮೀಡಿಯಾದಲ್ಲಿ ಬೆಳೆಸಿ. ಫಿಲ್ಟ್ರೇಟನ್ನು 3.5 ಕಿಲೋಡಾಲ್ಟನ್ ಟ್ಯೂಬಿಂಗಲ್ಲಿ (ಅದಕ್ಕಿಂತ ಸಣ್ಣ ಅಣುಗಳನ್ನಷ್ಟೇ ಹೊರಬಿಡುವ ಪೊರೆಯ ಚೀಲ), 20 ಮಿಲಿಮೋಲಾರ್ ಸೋಡಿಯಂ ಅಸಿಟೇಟಿಗೆ (ಪಿಎಚ್ 5) ಎದುರಾಗಿ, 4 ಡಿಗ್ರಿಯಲ್ಲಿ ರಾತ್ರಿಯಿಡೀ ಡಯಾಲಿಸಿಸ್ ಮಾಡಿ, ಬಫರ್ ಎರಡು ಸಲ ಬದಲಿಸಿ. ಸಕ್ಕರೆ ಹೋಗುತ್ತೆ, 10–15 ಕೊಂಡಿಯ ಆಲಿಗೋಗ್ಯಾಲಕ್ಟುರೊನೈಡ್ (ಪೆಕ್ಟಿನ್ ತುಂಡು) ಬಹುಪಾಲು ಹೋಗುತ್ತೆ, ಆಕ್ಸಾಲಿಕ್ ಆಮ್ಲವೂ ಹೋಗುತ್ತೆ. ಕುದಿಸಿದರೆ ಈ ಮೂರರಲ್ಲಿ ಒಂದೂ ಸಾಯಲ್ಲ. ಎಲೆ ಸುಡೋದರಲ್ಲಿ ನನಗೆ ಹೆಚ್ಚು ಅನುಮಾನ ಆಕ್ಸಾಲಿಕ್ ಮೇಲೆ.

ಡಿಎನ್‌ಎಸ್‌ಗೆ ಸ್ಟ್ಯಾಂಡರ್ಡ್ ಗ್ಲೂಕೋಸ್ ಬೇಡ, ಗ್ಯಾಲಕ್ಟುರೋನಿಕ್ ಆಮ್ಲ (ಪೆಕ್ಟಿನ್ ಸರಪಳಿಯ ಒಂದು ಕೊಂಡಿ) ಇಡಿ. 0 ನಿಮಿಷದ ಟ್ಯೂಬಿನ ಓದನ್ನು 30 ನಿಮಿಷದ್ದರಿಂದ ಕಳೆಯಿರಿ.

ಸೊಮೋಗಿ_ಅಭಿಮಾನಿ: ಡಿಎನ್‌ಎಸ್ ಬಿಟ್ಟುಬಿಡ್ರಿ, ನೆಲ್ಸನ್-ಸೊಮೋಗಿ (ಸಕ್ಕರೆ ಅಳೆಯೋ ಇನ್ನೊಂದು ವಿಧಾನ) ಮಾಡ್ರಿ.

ಬಿಸಿನೀರು: ಆರ್ಸಿನೇಟ್ ಇರೋ ವಿಷವನ್ನು ಹುಡುಗರ ಕೈಗೆ ಕೊಡ್ತೀರಾ?

ಸೊಮೋಗಿ_ಅಭಿಮಾನಿ: ಡಿಎನ್‌ಎಸ್‌ನಲ್ಲಿ ಫೀನಾಲ್ ಹಾಕೋರು ಹೇಳೋ ಮಾತೇನ್ರಿ ಇದು?

ಎಲೆಚುಕ್ಕೆ: ಪಿಎಚ್ 3.4 ಇದೆ! ಅದೇ ಫಿಲ್ಟ್ರೇಟ್ ಡಯಾಲಿಸಿಸ್ ಆದಮೇಲೆ ಕುದಿಸಿದ್ದರ ಕಲೆ ಬಹಳ ಸಣ್ಣದಾಯ್ತು. ಆದರೆ ಪೂರ್ತಿ ಹೋಗಿಲ್ಲ. 5.5ಕ್ಕೆ ಸರಿಮಾಡಿದ ಹಳೆಯ ಫಿಲ್ಟ್ರೇಟ್ ಮಾತ್ರ ಇನ್ನೂ ಸುಡುತ್ತಿದೆ.

ಪೆಕ್ಟಿನ್_ಗಂಜಿ: ಪಿಎಚ್ ಏರಿಸಿದರೆ ಆಮ್ಲತೆ ಹೋಯ್ತು, ಆಕ್ಸಲೇಟ್ ಅಲ್ಲೇ ಇರುತ್ತೆ, ಕೋಶಭಿತ್ತಿಯ ಕ್ಯಾಲ್ಸಿಯಂ ಕಿತ್ತುಕೊಳ್ತಾ. ಸೋಡಿಯಂ ಆಕ್ಸಲೇಟ್ ಒಂದನ್ನೇ ಅದೇ ಪಿಎಚ್‌ನಲ್ಲಿ ಇನ್ನೊಂದು ಎಲೆಗೆ ಹಾಕಿ ನೋಡಿ.

ಗ್ರಾಹಕ_ಪ್ರೋಟೀನ್: ಉಳಿದ ಸಣ್ಣ ಕಲೆಯನ್ನು ಕಡೆಗಣಿಸಬೇಡಿ. ಬೋಟ್ರೈಟಿಸ್‌ನ ಕ್ಸೈಲನೇಸ್ ಕ್ಸಿನ್11ಎ (ಕೋಶಭಿತ್ತಿ ಕಡಿಯುವ ಇನ್ನೊಂದು ಎಂಜೈಮ್) ವೇಗವರ್ಧಕ ಗುಣ ಕಳೆದುಕೊಂಡರೂ ಎಲೆ ಕೊಲ್ಲುತ್ತೆ. ಗಿಡ ಗುರುತಿಸೋದು ಅದರ ಕೆಲಸವನ್ನಲ್ಲ, ಪ್ರೋಟೀನಿನ ಒಂದು ತುಣುಕನ್ನು. ಪ್ರಯೋಗಗಳಿಗೆ ಬಳಸುವ ಸಣ್ಣ ಗಿಡ ಅರಾಬಿಡೋಪ್ಸಿಸ್‌ನ ಆರ್‌ಎಲ್‌ಪಿ42 ಗ್ರಾಹಕವೂ ಪಿಜಿಯನ್ನು ಹಾಗೇ ಹಿಡಿಯುತ್ತೆ. ಬೋಟ್ರೈಟಿಸ್‌ನ ಪಿಜಿಗಳಲ್ಲಿ ಒಂದಾದ ಬಿಸಿಪಿಜಿ2 ಮಾತ್ರ ಬೇರೆ ಜಾತಿ, ಅದು ಕೊಲ್ಲಬೇಕಾದರೆ ಪೆಕ್ಟಿನ್ ಕಡಿಯುವ ಶಕ್ತಿ ಇರಲೇಬೇಕು. ಹಾಗಾಗಿ "ಕುದಿಸಿದ್ದು = ಸತ್ತದ್ದು" ಅನ್ನೋ ಕಂಟ್ರೋಲೇ ಅರೆಬರೆ. ಡಯಾಲಿಸಿಸ್ ಆದದ್ದಕ್ಕೆ ಪ್ರೋಟೀನೇಸ್ ಕೆ (ಪ್ರೋಟೀನ್ ಕಡಿಯುವ ಎಂಜೈಮ್), ಎಂಎಲ್‌ಗೆ 100 ಮೈಕ್ರೋಗ್ರಾಂ, ಪಿಎಚ್ 8ರಲ್ಲಿ, 37 ಡಿಗ್ರಿ, 1 ಗಂಟೆ; ಆಮೇಲೆ ಕುದಿಸಿ, ಪಿಎಚ್ ಮತ್ತೆ 5ಕ್ಕೆ ತನ್ನಿ. ಬರೀ ಪ್ರೋಟೀನೇಸ್ ಕೆ ಕೂಡ ಒಂದು ಎಲೆಗೆ. ಆಗ ಕಲೆ ಹೋದರೆ ಅದು ಪ್ರೋಟೀನೇ.

ಬಿಸಿನೀರು: ಆದರೂ ಒಂದು ಸಲ ಆಟೋಕ್ಲೇವ್ ಮಾಡಿ ನೋಡಬಹುದಿತ್ತು.

ಸೊಮೋಗಿ_ಅಭಿಮಾನಿ: ನಮ್ಮ ಲ್ಯಾಬಿನಾಗ ಬಣ್ಣ ಓದೋ 96 ಗುಳಿಯ ಪ್ಲೇಟ್ ರೀಡರ್ ಅದ, ಇಡೀ ದಿನದ ಕೆಲಸ ಒಂದ ತಾಸಿನಾಗ ಮುಗೀತದ.

ಪೆಕ್ಟಿನ್_ಗಂಜಿ: ಯಾವ ಮಾಡೆಲ್? ಡಿಎನ್‌ಎಸ್ ಓದಲಿಕ್ಕೆ ಬೇಕಾದ 540 ನ್ಯಾನೋಮೀಟರ್ ಫಿಲ್ಟರ್ ಜೊತೆಗೇ ಬರುತ್ತಾ?

ಎಲೆಚುಕ್ಕೆ: ಪ್ರೋಟೀನೇಸ್ ಕೆ ಇನ್ನೂ ಬಂದಿಲ್ಲ, ಆರ್ಡರ್ ಹಾಕಿದೆ.