ಅಪ್‌ಡೇಟ್: 91 ಸಾಕಾ 95 ಬೇಕಾ ಅಂತ ಕೇಳಿದ್ನಲ್ಲ, ಅದ್ರದ್ದು

ದಿನಾ ಓಡಿಸೋ ಕಾರಿಗೆ 91 ಆಕ್ಟೇನ್ ಪೆಟ್ರೋಲ್ ಸಾಕಾ, 95 ಹಾಕಿದ್ರೆ ಇಂಜಿನ್ನಿಗೆ ಇನ್ನೂ ಒಳ್ಳೇದಾ ಅಂತ ಕೇಳಿದ್ದೆ. ಉತ್ತರ ಕೊಟ್ಟ ಎಲ್ರಿಗೂ ತುಂಬಾ ಥ್ಯಾಂಕ್ಸ್.

ನೀವು ಹೇಳ್ದಂಗೆ ಪೆಟ್ರೋಲ್ ಮುಚ್ಚಳದ ಒಳಗಡೆ ನೋಡ್ದೆ, ಧೂಳು ಒರೆಸಿದ್ಮೇಲೆ ಚಿಕ್ಕ ಸ್ಟಿಕ್ಕರ್ ಕಾಣಿಸ್ತು, ಕನಿಷ್ಠ 91 ಆರ್‌ಓಎನ್ (ಆಕ್ಟೇನ್ ಅಳೆಯೋ ಒಂದು ಲೆಕ್ಕ) ಅಂತಿದೆ. ಮ್ಯಾನುಯಲ್ಲಲ್ಲೂ ಅದೇ. ಟರ್ಬೋ ಇಲ್ಲದ ಮಾಮೂಲಿ ಇಂಜಿನ್.

ಆದ್ರೂ ಸಮಾಧಾನ ಆಗ್ಲಿಲ್ಲ, ಟ್ಯಾಂಕ್ ಹೆಚ್ಚುಕಮ್ಮಿ ಖಾಲಿ ಆಗೋವರೆಗೂ ಕಾದು ಎರಡೂ ಗ್ರೇಡ್ ಹಾಕಿ ಓಡಿಸ್ದೆ, ಪಿಕಪ್ಪಲ್ಲಾಗ್ಲಿ ಮೈಲೇಜಲ್ಲಾಗ್ಲಿ ಹೇಳ್ಕೊಳ್ಳೋ ಅಂಥ ವ್ಯತ್ಯಾಸ ಇಲ್ಲ. ನನಗಿದ್ದ ದೊಡ್ಡ ಭಯ ನಾಕಿಂಗ್‌ದು, ಅಂದ್ರೆ ಸಿಲಿಂಡರಲ್ಲಿ ಪೆಟ್ರೋಲ್ ತಾನಾಗೇ ಹೊತ್ಕೊಂಡು ಟಕಟಕ ಅನ್ನೋದು, ಅದಕ್ಕೇ ಏರು ರಸ್ತೇಲಿ ಹಾಡು ಆಫ್ ಮಾಡಿ, ಕಿಟಕಿ ಇಳಿಸಿ, ಮೇಲಿನ ಗೇರಲ್ಲೇ ಆಕ್ಸಿಲರೇಟರ್ ಒತ್ತಿ ಕಿವಿ ಕೊಟ್ಟು ಕೇಳ್ದೆ, 91ರಲ್ಲೂ ಆ ಟಕಟಕ ಸದ್ದು ಬರ್ಲೇ ಇಲ್ಲ.

ಆಕ್ಟೇನ್ ಅಂದ್ರೆ ಪೆಟ್ರೋಲಿನ ಶಕ್ತಿ ಅಲ್ಲ, ಸಿಲಿಂಡರಲ್ಲಿ ಒತ್ತಡ ಬಿದ್ದಾಗ ತಾನಾಗೇ ಹೊತ್ಕೊಳ್ದೆ ಎಷ್ಟು ತಡ್ಕೊಳ್ಳುತ್ತೆ ಅನ್ನೋದು ಅಷ್ಟೇ. ಎಂಜಿನ್ ಕ್ಲೀನ್ ಇಡೋ ಅಡಿಟಿವ್ ವಿಷಯನೇ ಬೇರೆ, ಅದಕ್ಕೂ ಈ ನಂಬರಿಗೂ ಸಂಬಂಧ ಇಲ್ಲ.

ಹಂಗಂತ ಎಲ್ರೂ 91 ಹಾಕಿ ಅಂತ ದಯವಿಟ್ಟು ಅಂದ್ಕೋಬೇಡಿ. ಟರ್ಬೋ ಅಥವಾ ಹೈ ಕಂಪ್ರೆಷನ್ ಇಂಜಿನ್ನಿಗೆ 95 ಬೇಕು ಅಂತ ಬರೆದಿದ್ರೆ ಅದನ್ನೇ ಹಾಕಿ, ಕಮ್ಮಿ ಹಾಕಿದ್ರೆ ನಾಕಿಂಗ್ ಗುರುತಿಸೋ ನಾಕ್ ಸೆನ್ಸರ್ ಕಿಡಿ ಹೊತ್ತಿಸೋ ಟೈಮಿಂಗ್ ತಡ ಮಾಡಿಸಿ ಇಂಜಿನ್ ಕಾಪಾಡುತ್ತೆ ಸರಿ, ಆದ್ರೆ ಪವರ್ ಮೈಲೇಜ್ ಎರಡೂ ಇಳಿಯುತ್ತೆ. ಇನ್ನೊಂದು, ಅಮೆರಿಕದ ಬಂಕಲ್ಲಿ ಕಾಣೋ 87 ಬೇರೆ ಅಳತೆ, ಅದು ಸುಮಾರು 91 ಆರ್‌ಓಎನ್‌ಗೆ ಸಮ, ನಂಬರ್ ಹೋಲಿಸೋವಾಗ ಅದನ್ನ ನೋಡ್ಕೊಳ್ಳಿ.

ನಾನಂತೂ 91ರಲ್ಲೇ ಮುಂದುವರಿತೀನಿ.