ಮರು: 'ದೃಷ್ಟಿಭ್ರಮೆ' ಬೇಡ, 'ಕಣ್ಕಟ್ಟು' ಇದೆ (ಪ್ರದರ್ಶನದ ಫಲಕಕ್ಕೆ)

ಆಪ್ ಆರ್ಟ್, ಅಂದರೆ ಬರೀ ಗೆರೆ, ಆಕಾರಗಳಿಂದ ಚಪ್ಪಟೆ ಚಿತ್ರ ಅಲುಗಿದಂತೆ, ಮಡಚಿದಂತೆ ಕಾಣಿಸುವ ಕಲೆ. ಅದರ ಪ್ರದರ್ಶನದ ಫಲಕಕ್ಕೆ ಕನ್ನಡ ಪದಗಳನ್ನು ಕೇಳಿದ್ದೀರಿ, ನಾಡಿದ್ದು ಫಲಕ ಅಚ್ಚಿಗೆ ಹೋಗಬೇಕು ಅಂತ ಬರೆದಿದ್ದೀರಿ. ಹಾಗಾಗಿ ಪದ ಮೊದಲು: 'ಆಪ್ಟಿಕಲ್ ಇಲ್ಯೂಷನ್'ಗೆ ಕಣ್ಕಟ್ಟು. 'ದೃಷ್ಟಿಭ್ರಮೆ' ಬೇಡವೇ ಬೇಡ.

ಭ್ರಮೆ ಅಂದರೆ ತಪ್ಪು ನೋಡುವವರದ್ದು ಅಂತಾಗುತ್ತದೆ. ಇಲ್ಲಿ ಹಾಗಲ್ಲ. ಬ್ರಿಟನ್ನಿನ ಕಲಾವಿದೆ ಬ್ರಿಜೆಟ್ ರೈಲಿ 1961ರಲ್ಲಿ ಬರೆದ ಕಪ್ಪು ಬಿಳುಪು ಚೌಕಗಳ ಚಿತ್ರವನ್ನೇ ನೋಡಿ. ಚೌಕಗಳ ಎತ್ತರ ಬದಲಾಗುವುದಿಲ್ಲ. ಅಗಲ ಮಾತ್ರ ಕಿರಿದಾಗುತ್ತ ಹೋಗಿ, ಒಂದು ಕಡೆ ಬರೀ ಗೆರೆಯಷ್ಟಾಗಿ, ಮತ್ತೆ ಹಿಗ್ಗುತ್ತದೆ. ಚಪ್ಪಟೆ ಹಲಗೆ ಅಲ್ಲಿ ಒಳಕ್ಕೆ ಮಡಚಿಕೊಂಡ ಹಾಗೆ ಕಾಣುತ್ತದೆ. ಅಳತೆ ಗೊತ್ತಿದ್ದರೂ ಹಾಗೇ ಕಾಣುತ್ತದೆ. ಕಟ್ಟಿದ್ದು ಚಿತ್ರ, ಸಿಕ್ಕಿಕೊಂಡದ್ದು ಕಣ್ಣು. ಆ ಕೆಲಸ 'ಕಣ್ಕಟ್ಟು' ಅನ್ನುವ ಪದದೊಳಗೇ ಇದೆ, ಅಲ್ವಾ?

ಅದಕ್ಕೆ ಮೋಸದ ವಾಸನೆ ಇದೆ ಅನ್ನುವ ತಕರಾರು ಒಪ್ಪಲಾರೆ. ಜಾತ್ರೆಯಲ್ಲಿ ಕಣ್ಕಟ್ಟು ನೋಡುವವರು ಅದು ಕಣ್ಕಟ್ಟು ಅಂತ ಗೊತ್ತಿದ್ದೇ ನಿಲ್ಲುತ್ತಾರೆ.

ಇನ್ನು ಒಂದೇ ಆಕಾರ ಮತ್ತೆ ಮತ್ತೆ ಬರುವುದಕ್ಕೆ 'ಮರುಕಳಿಕೆ' ಅನ್ನುವ ಪದ. ಅದು ಸಲ್ಲದು. ಮರುಕಳಿಸುವುದು ಜ್ವರ, ಹಳೇ ಜಗಳ. ಒಮ್ಮೆ ನಿಂತು ಮತ್ತೆ ಬರುವಂಥದ್ದು. ಆಪ್ ಆರ್ಟಿನ ಇನ್ನೊಬ್ಬ ಕಲಾವಿದ ವಿಕ್ಟರ್ ವಾಸರೆಲಿಯ ಸ್ಕ್ರೀನ್ ಪ್ರಿಂಟುಗಳಲ್ಲಿ ಚೌಕ, ವೃತ್ತ ಎಲ್ಲ ಒತ್ತೊತ್ತಾಗಿ ಕೂತಿರುತ್ತವೆ. 'ಸಾಲುಸಾಲು ಚೌಕ' ಅನ್ನಿ, ಸಾಕು. ಗೆರೆಗೆರೆ, ಪದರಪದರ, ಅಲೆಅಲೆ ಅಂತ ಪದವನ್ನೇ ಎರಡು ಸಲ ಹೇಳಿ ನಾವು ದಿನಾ ಇದನ್ನೇ ಹೇಳುತ್ತೇವೆ. 'ಜ್ಯಾಮಿತೀಯ ಪುನರಾವರ್ತನೆ' ಅಂತ ಬರೆದರೆ ಅದರ ಮುಂದೆ ಯಾರೂ ನಿಲ್ಲುವುದಿಲ್ಲ.

ನೀವು ಕೇಳಿದ ಫ್ರೆಂಚ್ ಪದ 'ಮೊರೆ'ಗೆ (moiré) ನನ್ನ ಮತ 'ನೀರಲೆ'. ಸೊಳ್ಳೆಪರದೆಯ ಎರಡು ಪದರ ಒಂದರ ಮೇಲೊಂದು ಬಿದ್ದಾಗ, ಸ್ವಲ್ಪ ಜರುಗಿಸಿದರೂ ಅಲೆ ಓಡುತ್ತದಲ್ಲ, ಅದೇ. ಮೂಲದಲ್ಲೂ ಅದು ನೀರಲೆಯ ಹೊಳಪಿನ ಬಟ್ಟೆಗಿದ್ದ ಹೆಸರು. ಕನ್ನಡದಲ್ಲಿ 'ಮೊರೆ' ಅಂತಲೇ ಬರೆದರೆ ದೇವರಿಗೆ ಮೊರೆ ಇಟ್ಟಂತೆ ಆಗುತ್ತದೆ.

ಸಂಸ್ಕೃತದ್ದೆಲ್ಲ ಹೊರಗೆ ಅನ್ನುವವರಿಗೆ ಒಂದು ಮಾತು. 'ಚೌಕ' ಬಂದದ್ದು 'ಚತುಷ್ಕ'ದಿಂದ. ಅದನ್ನೂ ಬಿಡುತ್ತೀರಾ? ಭ್ರಮೆ ಬೇಡ ಅಂದದ್ದು ಅದು ಸಂಸ್ಕೃತ ಅಂತಲ್ಲ, ಇಲ್ಲಿ ಅರ್ಥ ಕೆಡುತ್ತದೆ ಅಂತ. 'ಸ್ಕ್ರೀನ್' ಕೂಡ ಇರಲಿ. ಚಿಕ್ಕಪೇಟೆಯಲ್ಲಿ ಲಗ್ನಪತ್ರಿಕೆ ಮಾಡಿಸಲು ಹೋಗಿ 'ಜಾಲರಿ ಮುದ್ರಣ' ಅಂದರೆ ಯಾರಿಗೂ ತಿಳಿಯುವುದಿಲ್ಲ. 'ಆಪ್ ಆರ್ಟ್' 1964ರಲ್ಲಿ ಅಮೆರಿಕದ ಪತ್ರಿಕೆಯಲ್ಲಿ ಬಂದು ನಿಂತ ಹೆಸರು. ಹೆಸರನ್ನು ಸುಮ್ನೆ ಅನುವಾದ ಮಾಡಬೇಡಿ.

ಫಲಕಕ್ಕೆ ಹೀಗೆ ಹಾಕಿ: 'ಆಪ್ ಆರ್ಟ್: ಅಚ್ಚಿನಲ್ಲಿ ಕಣ್ಕಟ್ಟು'. ಕಣ್ಕಟ್ಟು ಒಂದೇ ಪದ. ನಡುವೆ ಜಾಗ ಬಿಡದಂತೆ ಅಚ್ಚಿನವರಿಗೆ ಹೇಳಿ.